ಬುಟ್ಟಿಯ ಸುತ್ತ ಕೆಂಪು ಬಳೆ

ನಮ್ಮ ಮನೆಯಲ್ಲಿ ಎರಡು ಪಕ್ಷಗಳಿದ್ದವು, ಅಜ್ಜಿಯದೊಂದು, ಅಪ್ಪನದೊಂದು. ಜಗಳ ಧೂಳಿನದು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಗೆ ನಮ್ಮ ಓಣಿ ಅಂಟಿಕೊಂಡೇ ಇತ್ತು. ಗಣಿಯಿಂದ ಅದಿರು ತುಂಬಿಕೊಂಡ ಲಾರಿಗಳು ಒಂದರ ಹಿಂದೊಂದು ಇಳಿದು ಬರುತ್ತಿದ್ದವು, ಖಾಲಿಯಾದವು ಅಷ್ಟೇ ಅವಸರದಲ್ಲಿ ವಾಪಸು ಹೋಗುತ್ತಿದ್ದವು. ಬೆಳಿಗ್ಗೆ ಕಸ ಹೊಡೆದು, ನೀರು ಚಿಮುಕಿಸಿ, ರಂಗೋಲಿ ಹಾಕಿದ ಅಂಗಳ ಶಾಲೆಯ ಗಂಟೆ ಹೊಡೆಯುವುದರೊಳಗೆ ಕೆಂಪಾಗಿರುತ್ತಿತ್ತು. ಒಣಹಾಕಿದ ಬಿಳಿ ಅಂಗಿ ಕೆಂಪು, ಬೇವಿನ ಎಲೆ ಕೆಂಪು, ಪಕ್ಕದ ಮನೆಯವರ ಎಮ್ಮೆಯ ಬೆನ್ನು ಕೂಡ ಕೆಂಪು. ಅಜ್ಜಿಯ ಪ್ರಕಾರ ಲೋಕದ ಸಕಲ ಕಷ್ಟಕ್ಕೂ ಈ ಧೂಳೇ ಕಾರಣ. ಅವಳ ಕೆಮ್ಮು, ಮೊಣಕಾಲು ನೋವು, ಹಾಲು ಒಡೆದದ್ದು, ನಾನು ಗಣಿತದಲ್ಲಿ ಫೇಲಾದದ್ದು, ಎಲ್ಲವೂ ಧೂಳಿನಿಂದ. ಅಪ್ಪನ ಪ್ರಕಾರ ಧೂಳಿನಿಂದ ಯಾರಿಗೂ ಏನೂ ಆಗುವುದಿಲ್ಲ. ಮೊದಲು ಸೈಕಲ್ ಪಂಕ್ಚರ್ ತಿದ್ದುತ್ತ ಕೂತಿರುತ್ತಿದ್ದ ಅಪ್ಪ, ಲಾರಿಗಳು ಹೆಚ್ಚಾದ ಮೇಲೆ ಗಾದಿಗನೂರಿನ ಕಡೆಯ ರಸ್ತೆಯಲ್ಲಿ ದೊಡ್ಡ ಟೈರಿನ ಅಂಗಡಿ ಹಾಕಿದ್ದ. ಅವನೆದುರು ಧೂಳನ್ನು ಬೈದರೆ ಅವನ ಅಂಗಡಿಯನ್ನೇ ಬೈದ ಹಾಗೆ.

"ಧೂಳು ಧೂಳು ಅಂತ ಬಾಯಿ ಬಡಕೋಬ್ಯಾಡವ್ವ. ಆ ಧೂಳು ಬಂದಮ್ಯಾಲೇ ನಮ್ಮನಿಗೆ ಫ್ರಿಜ್ ಬಂದೈತಿ," ಎನ್ನುತ್ತಿದ್ದ ಅಪ್ಪ.

"ಆ ಫ್ರಿಜ್ಜಿನ ಮ್ಯಾಲೂ ಧೂಳೇ ಐತಲ್ಲೋ ಬಸ್ಯಾ. ಒರಸು ಬಾ," ಎನ್ನುತ್ತಿದ್ದಳು ಅಜ್ಜಿ.

ಅವ್ವ ಎರಡೂ ಪಕ್ಷಕ್ಕೆ ಸೇರಿದವಳಲ್ಲ. ಅಜ್ಜಿ ಮಾತಾಡುವಾಗ "ಹೌದ್ರಿ ಅತ್ತಿ" ಎನ್ನುತ್ತಿದ್ದಳು, ಅಪ್ಪ ಮಾತಾಡುವಾಗ "ಹೌದ್ರಿ" ಎನ್ನುತ್ತಿದ್ದಳು, ಆಮೇಲೆ ಎದ್ದು ಹೋಗಿ ಫ್ರಿಜ್ಜನ್ನು ತಾನೇ ಒರೆಸುತ್ತಿದ್ದಳು. ನಾನು ಯಾವ ಪಕ್ಷ ಎಂದರೆ, ಆಯಾ ದಿನ ನನ್ನನ್ನು ಯಾರು ಬೈದಿಲ್ಲವೋ ಅವರ ಪಕ್ಷ. ಈಗ ಆಕಾಶಬುಟ್ಟಿಯ ವಿಷಯ ಹೇಳಹೊರಟಿದ್ದೇನೆ. ಅದರ ಜೊತೆ ಅವ್ವನ ಬಲಗಣ್ಣಿನ ವಿಷಯವನ್ನೂ ಹೇಳಬೇಕು, ಏಕೆಂದರೆ ಆ ಕಣ್ಣು ಹೋದದ್ದರಲ್ಲಿ ನನ್ನ ಪಾಲಿದೆ. ನನಗಾಗ ಹತ್ತು ತುಂಬಿ ಹನ್ನೊಂದು ನಡೆಯುತ್ತಿತ್ತು. "ಸಣ್ಣವಳಿದ್ದೆ ಬಿಡು" ಎಂದು ಸಮಾಧಾನ ಹೇಳುವವರು ಇದ್ದಾರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹನ್ನೊಂದು ವರ್ಷದವಳಿಗೆ ಯಾವುದು ಸುಳ್ಳು, ಯಾವುದು ಖರೆ ಎಂಬುದು ಚೆನ್ನಾಗಿಯೇ ಗೊತ್ತಿರುತ್ತದೆ.

ಅವ್ವ ಕಂಪ್ಲಿಯವಳು. ಹೊಳೆಯ ಊರಲ್ಲಿ ಬೆಳೆದವಳಿಗೆ ಕೈಕೆಲಸವೆಂದರೆ ಪ್ರಾಣ. ದೀಪಾವಳಿಗೆ ಇನ್ನೂ ಎರಡು ವಾರ ಇರುವಾಗಲೇ ಬುಟ್ಟಿಯ ಕೆಲಸ ಶುರುವಾಗುತ್ತಿತ್ತು. ಬುಟ್ಟಿ ಹೆಣೆಯುವ ಮೇದಾರರ ಮನೆಗೆ ತಾನೇ ಹೋಗಿ ಬಿದಿರಿನ ಸೀಳು ಆರಿಸಿ ತರುತ್ತಿದ್ದಳು. ಒಂದೊಂದನ್ನೂ ಬಗ್ಗಿಸಿ ನೋಡಿ, ಗಂಟಿದ್ದದ್ದನ್ನು ಬಿಟ್ಟು, ಚಾಕುವಿನಿಂದ ಹೆರೆದು ನಯ ಮಾಡಿ, ಒಂದೇ ಅಳತೆಗೆ ಕತ್ತರಿಸುವಳು. ಆ ಕಡ್ಡಿಗಳಿಂದ ಆರು ಚೌಕ ಕಟ್ಟಿ, ಮೂಲೆಗೆ ಮೂಲೆ ಸೇರಿಸಿ ದಾರ ಸುತ್ತಿದರೆ ನಡುವೆ ತಾನಾಗಿಯೇ ಎಂಟು ತ್ರಿಕೋನ ಬೀಳುತ್ತಿದ್ದವು. ಅವು ಹೇಗೆ ಬೀಳುತ್ತವೆ ಎಂದು ನನಗೆ ಪ್ರತಿ ವರ್ಷ ಆಶ್ಚರ್ಯ. ಗೂಡಿಗೆ ಗಾಳಿಪಟದ ತೆಳು ಹಾಳೆ ಅಂಟಿಸಬೇಕು. ಅಂಟು ಕುದಿಸುವುದು ನನ್ನ ಪಾಲಿನ ಕೆಲಸ. ಮೈದಾ ಹಿಟ್ಟನ್ನು ತಣ್ಣೀರಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಜಿರಲೆ ತಿನ್ನಬಾರದೆಂದು ಚಿಟಿಕೆ ಮೈಲುತುತ್ತ ಹಾಕುವುದನ್ನು ಮಾತ್ರ ಅವ್ವ ನನ್ನ ಕೈಗೆ ಕೊಡುತ್ತಿರಲಿಲ್ಲ, ಅದು ವಿಷ. ಹಾಳೆ ಅಂಟಿಸಿ, ಬಾಯಲ್ಲಿ ನೀರು ತುಂಬಿಕೊಂಡು ತುಂತುರಾಗಿ ಊದುವಳು. ಒಣಗಿದಂತೆ ಹಾಳೆ ಬಿಗಿದುಕೊಂಡು ಹಪ್ಪಳದ ಹಾಗೆ ನೆಟ್ಟಗಾಗುತ್ತಿತ್ತು. ಕೊನೆಗೆ ಅಂಚಿಗೆ ಹಸಿರು ಹಾಳೆ ಕತ್ತರಿಸಿದ ಜಾಲರಿ, ಕೆಳಗೆ ಬಾಲಗಳು.

ಅವ್ವನಿಗೆ ಬುಟ್ಟಿ ಬಿಳಿಯದೇ ಆಗಬೇಕು. ತವರಿನಲ್ಲಿ ಬಿಳಿಯದನ್ನೇ ಕಟ್ಟುತ್ತಿದ್ದರಂತೆ. ಕಂಪ್ಲಿಯಲ್ಲಿ ಅದು ನಡೆದೀತು, ನಮ್ಮೂರಲ್ಲಿ ಹೇಗೆ ನಡೆಯಬೇಕು? ಹಿಂದಿನ ವರ್ಷ ಅಂಗಳದಲ್ಲಿ ಒಣಗಲು ಇಟ್ಟ ಬುಟ್ಟಿಯ ಹಸಿ ಅಂಟಿಗೆ ಧೂಳು ಕೂತು, ದೀಪ ಹಚ್ಚುವ ಮೊದಲೇ ಅದು ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು. ಅಂಟಿನಲ್ಲಿ ಸೇರಿದ ಧೂಳು ಒರೆಸಿದರೆ ಹೋಗುವುದಿಲ್ಲ, ಹಾಳೆ ಹರಿಯುತ್ತದೆ. ಅದಕ್ಕೆ ಆ ವರ್ಷ ಅವ್ವ ಕೆಲಸವನ್ನು ನಡುಮನೆಗೆ ತಂದಳು. ನಮ್ಮ ನಡುಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು, ಅದರ ಗಾಜಿನ ಮೇಲೂ ಕೆಂಪು ಕೂತು ಒಳಗೆ ಬೀಳುವ ಬಿಸಿಲು ಚಹಾದ ಬಣ್ಣದ್ದಾಗಿತ್ತು. ಎರಡೂ ಬಾಗಿಲಿಗೆ ತನ್ನ ಹಳೆಯ ಸೀರೆಗಳನ್ನು ಒದ್ದೆ ಮಾಡಿ ತೂಗುಹಾಕಿದಳು. ಸಂಜೆ ಹಿಂಡಿದರೆ ಆ ಸೀರೆಗಳಿಂದ ಕೆಂಪು ನೀರು ಬರುತ್ತಿತ್ತು. ಅಜ್ಜಿ ಆ ನೀರನ್ನು ಒಂದು ತಂಬಿಗೆಯಲ್ಲಿ ಹಿಡಿದು ಅಪ್ಪ ಊಟಕ್ಕೆ ಕೂತಾಗ ಅವನ ಮುಂದೆ ತಂದಿಟ್ಟಳು.

"ಧೂಳಿಂದ ಏನೂ ಆಗಂಗಿಲ್ಲ ಅಂತೀಯಲ್ಲ. ಕುಡಿ, ನೋಡಣ."

ಅಪ್ಪ ರೊಟ್ಟಿ ಮುರಿಯುತ್ತ, "ಅವ್ವ, ಉಣ್ಣಾಕ ಬಿಡತೀಯೋ ಇಲ್ಲೋ?" ಎಂದ. ಆದರೆ ಆ ದಿನ ಅವನೂ ಸುಮ್ಮನೆ ಬಂದಿರಲಿಲ್ಲ. ಬರುವಾಗ ಒಂದು ಡಬ್ಬಿ ತಂದಿದ್ದ. ಅದರೊಳಗೆ ಪ್ಲಾಸ್ಟಿಕ್ಕಿನ ನಕ್ಷತ್ರ, ಬಲ್ಬು ವಯರು ಎಲ್ಲ ಸೇರಿಸಿದ್ದು.

"ಈ ಸಲ ಇದನ್ನ ಹಾಕೋಣ. ಧೂಳು ಕುಂತ್ರ ಒರಸಿದ್ರಾತು, ಮಸ್ತ್ ಕಾಣತೈತಿ. ನಿಮ್ಮ ಬುಟ್ಟಿ ಒರಸಾಕ ಬರತೈತೇನು? ಸುಮ್ನ ಕತ್ತಲಾಗ ಕುಂತು ಈಕಿ ತಲಿನೋವು ತರಿಸ್ಕೊಂತಾಳ."

ಅವ್ವ ನಕ್ಷತ್ರವನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟಳು. ನನಗೆ ತಡೆಯಲಿಲ್ಲ. ನಾಲ್ಕು ದಿನ ಅಂಟು ತಿರುವಿ ನನ್ನ ರಟ್ಟೆ ಬಿದ್ದು ಹೋಗಿತ್ತು.

"ಅದನ್ನ ನಿನ್ನ ಅಂಗಡಿಗೆ ಹಾಕ್ಕೋ ಹೋಗು!" ಎಂದೆ.

ಅಪ್ಪ ನನ್ನ ಕಿವಿ ಹಿಂಡಿದ. ಬಹಳ ಜೋರಾಗಿಯೇನಲ್ಲ, ಆದರೆ ಅಜ್ಜಿಯ ಎದುರು ಹಿಂಡಿದ. ಆ ಕ್ಷಣದಿಂದ ನಾನು ಅಪ್ಪನಿಗೆ ವಿರೋಧ, ಅವನು ಏನೇ ಅಂದರೂ ಅದಕ್ಕೆ ಉಲ್ಟಾ. ಈ ಹಟ ನನಗೆ ಅಪ್ಪನಿಂದಲೇ ಬಂದದ್ದು, ಅದು ಬೇರೆ ಮಾತು.

ಅವ್ವನ ತಲೆನೋವು ನಿಜವಾಗಿಯೂ ಇತ್ತು. ಮಧ್ಯಾಹ್ನದ ಮೇಲೆ ತಲೆ ಬಗ್ಗಿಸಿ ಹಾಳೆ ಅಂಟಿಸುತ್ತ ಕೂತವಳು ಹೊತ್ತು ಇಳಿಯುವಾಗ ಬಲ ಹುಬ್ಬನ್ನು ಹೆಬ್ಬೆರಳಿಂದ ಒತ್ತಿಕೊಳ್ಳುತ್ತಿದ್ದಳು. ಕೆಲವು ಸಲ ಕೆಲಸ ಅಲ್ಲಿಗೇ ಬಿಟ್ಟು ಕಂಬಕ್ಕೆ ಒರಗಿ ಕಣ್ಣು ಮುಚ್ಚುವಳು. ಅಜ್ಜಿ ನೆತ್ತಿಗೆ ಹರಳೆಣ್ಣೆ ಹಚ್ಚುತ್ತ "ಕಣ್ಣಾಗ ಧೂಳು ಹೊಕ್ಕೈತಿ, ಅದು ತಲಿಗೆ ಏರೈತಿ" ಎನ್ನುವಳು. ಅಪ್ಪ "ಧೂಳಲ್ಲ ಗೀಳಲ್ಲ, ಹಟ. ಕೆಲಸ ಬಿಡ್ಲಿ, ನೋವು ಬಿಡತೈತಿ" ಎನ್ನುವನು. ಧೂಳು ಹೌದೋ ಅಲ್ಲವೋ ಎಂದು ತಾಯಿ ಮಗ ಮಾತಿಗೆ ಮಾತು ಬೆಳೆಸುವಷ್ಟರಲ್ಲಿ ಅವ್ವ ಒಂದು ನಿದ್ದೆ ಮುಗಿಸಿ ಎದ್ದಿರುತ್ತಿದ್ದಳು. ಎದ್ದ ಮೇಲೆ ನೋವು ಇರುತ್ತಿರಲಿಲ್ಲ. ಹೀಗಾಗಿ ಯಾರೂ ಅದನ್ನು ರೋಗ ಎಂದುಕೊಳ್ಳಲಿಲ್ಲ. ಅವಳಿಗೆ ಏನಾಗುತ್ತಿದೆ ಎಂದು ಅವಳನ್ನೇ ಕೂರಿಸಿಕೊಂಡು ಕೇಳಿದವರು ನಮ್ಮಲ್ಲಿ ಒಬ್ಬರೂ ಇಲ್ಲ.

ಬುಟ್ಟಿ ಮುಗಿಯಿತು. ಬಿಳಿಯಾಗಿಯೇ ಮುಗಿಯಿತು. ನೀರು ತುಂಬುವ ಹಬ್ಬದ ದಿನ ಅದನ್ನು ಬಿಳಿ ಪಂಚೆಯಲ್ಲಿ ಸುತ್ತಿ ದೇವರ ಕೋಣೆಯಲ್ಲಿಟ್ಟಳು. ಮರುದಿನ ಸಂಜೆ ಎಲ್ಲರೂ ಮಾಳಿಗೆ ಹತ್ತಿದೆವು. ಅಜ್ಜಿಯನ್ನು ನಾನು ಹಿಂದಿನಿಂದ ದಬ್ಬುತ್ತ ಹತ್ತಿಸಿದೆ. ಅವ್ವನ ತವರಿನಲ್ಲಿ ಒಂದು ಪದ್ಧತಿಯಿತ್ತು, ಅದನ್ನು ಅವಳು ನಮ್ಮ ಮನೆಗೂ ತಂದಿದ್ದಳು. ಬುಟ್ಟಿ ಮಾಡಿದವರೇ ದೀಪ ಹಚ್ಚಬೇಕು. ಹಚ್ಚಿದ ಮೇಲೆ ಮನೆಯ ಹಿರಿಯರಿಂದ ಕಿರಿಯರ ತನಕ ಒಬ್ಬೊಬ್ಬರನ್ನೇ "ಕಂಡಿತಾ?" ಎಂದು ಕೇಳಬೇಕು. ಅವರು "ಕಂಡಿತು" ಅನ್ನಬೇಕು. ಆ ಹೊತ್ತಿನಲ್ಲಿ ಯಾರ ಬಾಯಲ್ಲೂ ಇಲ್ಲ ಎಂಬ ಮಾತು ಬರಬಾರದು, ಬಂದರೆ ಮನೆಗೆ ಒಳ್ಳೆಯದಲ್ಲ. ಅಪ್ಪ ಇದಕ್ಕೆ "ನಿಮ್ಮವ್ವನ ಹಾಜರಿ" ಎನ್ನುತ್ತಿದ್ದ. ಬಿದಿರ ಗಳಕ್ಕೆ ಬುಟ್ಟಿ ಏರಿಸಿ ಕಟ್ಟಿದ್ದಾಯಿತು. ಹೊತ್ತು ಮುಳುಗಿ ಇನ್ನೂ ಸ್ವಲ್ಪ ಬೆಳಕಿತ್ತು. ಅವ್ವ ಬುಟ್ಟಿಯೊಳಗಿನ ಬಲ್ಬಿನ ಗುಂಡಿ ಒತ್ತಿದಳು. ಓಣಿಯ ತುಂಬ ಕೆಂಬಣ್ಣಕ್ಕೆ ತಿರುಗಿದ ಬುಟ್ಟಿಗಳ ನಡುವೆ ನಮ್ಮದೊಂದೇ ಹಾಲಿನಷ್ಟು ಬೆಳ್ಳಗಿತ್ತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಹಿಂಡಿಸಿಕೊಂಡ ಕಿವಿ ಮರೆತೇ ಹೋಯಿತು.

"ಕಂಡಿತಾ ಅತ್ತಿ?"

"ಕಂಡಿತವ್ವ. ಭಾಳ ಚೊಲೋ ಕಂಡಿತು."

"ನಿಮಗ ಕಂಡಿತೇನ್ರಿ?"

"ಹಾಜರ್," ಎಂದ ಅಪ್ಪ. ಅವ್ವ ಅವನನ್ನು ದುರುಗುಟ್ಟಿ ನೋಡಿದಳು. "ಆತವಾ, ಕಂಡಿತು," ಎಂದ.

"ಗಂಗೀ, ನಿನಗ?"

"ಕಂಡಿತು!"

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವ್ವ ಬುಟ್ಟಿಯನ್ನೇ ನೋಡುತ್ತ ನಿಂತಳು. ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಮುಚ್ಚಿ ನೋಡಿದಳು. ಆಮೇಲೆ, ಹಾಜರಿಯ ಧ್ವನಿಯಲ್ಲಲ್ಲ, ಮೆಲ್ಲಗೆ ಕೇಳಿದಳು.

"ದೀಪದ ಸುತ್ತ ಏನರ ಕಾಣತೈತೇನು ನಿಮಗ? ಬಳಿ ಹಂಗ, ಬಣ್ಣ ಬಣ್ಣದ್ದು?"

ಅಪ್ಪ ಗಹಗಹಿಸಿ ನಕ್ಕ. "ನೋಡಲೇ! ಮೈದಾ ಕುದಿಸಿ ಕುದಿಸಿ ನಿಮ್ಮವ್ವನ ತಲಿ ಕೆಟ್ಟೈತಿ. ದೀಪಕ್ಕ ಬಳಿ ತೊಡಸಾಕ ಹೊಂಟಾಳ."

"ನಗಬ್ಯಾಡೋ. ಗಾಳ್ಯಾಗ ಧೂಳೈತಿ, ಅದಕ್ಕ ಹಂಗ ಕಾಣತೈತಿ ಆಕಿಗೆ," ಎಂದಳು ಅಜ್ಜಿ.

"ಧೂಳಿದ್ರ ನನಗೂ ಕಾಣಬೇಕಲ್ಲವ್ವ? ನನಗ್ಯಾಕ ಕಾಣವಲ್ದು?"

"ನಿನಗ ಧೂಳು ಯಾವತ್ತು ಕಂಡೈತಿ?"

ಮತ್ತೆ ಅದೇ ಜಗಳ. ಅವ್ವ ಇಬ್ಬರನ್ನೂ ಬಿಟ್ಟು ನನ್ನ ಹತ್ತಿರ ಬಂದು, ಭುಜ ಹಿಡಿದು ಬುಟ್ಟಿಯ ಕಡೆ ತಿರುಗಿಸಿದಳು. "ನೀ ನೋಡು. ಸರಿಯಾಗಿ ನೋಡಿ ಹೇಳು. ಕಾಣತೈತಾ?" ನಾನು ನೋಡಿದೆ. ಬುಟ್ಟಿ ಇತ್ತು, ಬೆಳಕಿತ್ತು, ಹಸಿರು ಜಾಲರಿ ಗಾಳಿಗೆ ಅಲ್ಲಾಡುತ್ತಿತ್ತು. ಸುತ್ತ ಏನೂ ಇರಲಿಲ್ಲ. ಅಪ್ಪ ಇನ್ನೂ ನಗುತ್ತಿದ್ದ. ಆ ನಗೆ ನನಗೆ ಸಹಿಸಲಾಗಲಿಲ್ಲ. ಅವ್ವ ಒಬ್ಬಳೇ ಆಗಿದ್ದಾಳೆ, ನಾನು ಅವಳ ಕಡೆ ಆಗಬೇಕು ಅನ್ನಿಸಿತು. ಇಷ್ಟೇ ಕಾರಣ. ಎಷ್ಟು ವರ್ಷ ಹುಡುಕಿದರೂ ಇದಕ್ಕಿಂತ ದೊಡ್ಡ ಕಾರಣ ನನಗೆ ಸಿಕ್ಕಿಲ್ಲ.

"ಹೌದು. ನನಗೂ ಕಾಣತೈತಿ," ಎಂದೆ.

ಅವ್ವನ ಕೈ ನನ್ನ ಭುಜದ ಮೇಲೆ ಬಿಗಿಯಾಯಿತು. "ಖರೇನ? ಹೊರಗಿನ ಅಂಚು ಯಾವ ಬಣ್ಣ ಐತಿ, ಹೇಳು ನೋಡಣ?"

ಪರೀಕ್ಷೆ ಮಾಡುತ್ತಾಳೆಂದು ನಾನು ಎಣಿಸಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

"ಕೆಂಪು."

ನಮ್ಮೂರಲ್ಲಿ ಯಾವುದರ ಹೊರಗಾದರೂ ಕೆಂಪೇ ಇರುತ್ತಿತ್ತು, ಅದಕ್ಕೆ ಕೆಂಪು ಅಂದೆ. ಅವ್ವನಿಗೂ ಹೊರಗೆ ಕೆಂಪೇ ಕಾಣುತ್ತಿತ್ತು. ಅವಳು ದೊಡ್ಡದಾಗಿ ಉಸಿರು ಬಿಟ್ಟು, "ನೋಡ್ರಿ, ಈಕಿಗೂ ಕಾಣತೈತಿ, ನಾ ಹೇಳಿದ್ನಲ್ಲ?" ಎಂದಳು. ಅಜ್ಜಿ ಗೆದ್ದಳು. ಇಬ್ಬರಿಗೆ ಕಂಡ ಮೇಲೆ ಅದು ಕಣ್ಣಿನ ದೋಷವಲ್ಲ, ಗಾಳಿಯದೇ ಎಂದು ತೀರ್ಮಾನವಾಯಿತು. ಅಪ್ಪ ಮುಖ ಗಂಟು ಹಾಕಿಕೊಂಡು ಕೆಳಗಿಳಿದ. ಅವನನ್ನು ಸೋಲಿಸಿದ ಖುಷಿಗೆ ನಾನು ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತ ಇಳಿದೆ.

ಪಾಡ್ಯದ ದಿನ ಅವ್ವ ಹೋಳಿಗೆ ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಹೂರಣ ಕದಿಯುತ್ತಿದ್ದೆ. ಅವ್ವ ಗುನುಗುತ್ತಿದ್ದಳು. ಎಷ್ಟೋ ದಿನಗಳಿಂದ ಅವಳು ಗುನುಗಿದ್ದು ನಾನು ಕೇಳಿರಲಿಲ್ಲ. ಲಟ್ಟಿಸುತ್ತ, ಸುಮ್ಮನೆ ಮಾತಿಗೆಂಬಂತೆ ಹೇಳಿದಳು.

"ನನಗ ಭಾಳ ಅಂಜಿಕಿ ಆಗಿತ್ತವ್ವ. ಕಂಪ್ಲಿ ಅಜ್ಜಿಗೆ ಕಡಿಗೆ ಕಣ್ಣು ಕಾಣತಿದ್ದಿಲ್ಲ, ಗೊತ್ತಲ್ಲ ನಿನಗ? ಆಕಿಗೂ ಮದ್ಲ ಮದ್ಲ ಹಿಂಗ ದೀಪದ ಸುತ್ತ ಬಳಿ ಕಾಣತಿದ್ದುವು. ನನಗೂ ಹಂಗ ಆಗತೈತೇನೋ ಅಂತಿದ್ದೆ. ಬರೋ ರವಿವಾರ ನಿಮ್ಮ ಸಾಲ್ಯಾಗ ಕಣ್ಣಿನ ಡಾಕ್ಟರು ಬರ್ತಾರಲ್ಲ, ಟೀಚರ್ ಕಡೆ ಹೆಸರು ಬರೆಸಿ ಬಂದಿದ್ದೆ."

"ಹೋಗತೀಯೇನು?" ಎಂದೆ. ಹೂರಣ ಬಾಯಲ್ಲೇ ಇತ್ತು.

"ಇನ್ನ ಯಾಕ? ನಿನಗೂ ಕಾಣತೈತಲ್ಲ. ಇಬ್ರಿಗೂ ಕಂಡ್ರ ಅದು ಧೂಳೇ. ಧೂಳಿಗೆ ಡಾಕ್ಟರೇನ್ ಮಾಡ್ತಾರ?"

ಇಲ್ಲಿ ನಾನು ಬಾಯಿ ಬಿಡಬೇಕಿತ್ತು. ಮಾಳಿಗೆಯ ಮೇಲೆ ಹೇಳಿದ ಸುಳ್ಳನ್ನು ನಾನು ನನಗೆ ಕ್ಷಮಿಸಿಕೊಂಡೇನು, ಒಲೆಯ ಮುಂದೆ ಸುಮ್ಮನೆ ಕೂತದ್ದನ್ನು ಮಾತ್ರ ಆಗುವುದಿಲ್ಲ. ಹೇಳಿದರೆ ಅವ್ವ ಮತ್ತೆ ಅಂಜುತ್ತಾಳೆ, ಗುನುಗುವುದು ನಿಲ್ಲುತ್ತದೆ, ಅಪ್ಪ ಮತ್ತೊಮ್ಮೆ ನಗುತ್ತಾನೆ, ನನ್ನ ಕಿವಿ ಮತ್ತೊಮ್ಮೆ ಕೆಂಪಾಗುತ್ತದೆ. ಇದೆಲ್ಲ ಲೆಕ್ಕ ಹಾಕಿ ನಾನು ಇನ್ನೊಂದು ಉಂಡೆ ಹೂರಣ ತಿಂದೆ. ರವಿವಾರ ಬಂತು. ಓಣಿಯ ಹೆಂಗಸರು ಸಾಲುಗಟ್ಟಿ ಶಾಲೆಗೆ ಹೋಗುವುದನ್ನು ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ನೀ ಬರಂಗಿಲ್ಲೇನ ನೀಲಾ?" ಎಂದು ಯಾರೋ ಕೇಳಿದರು. "ನನಗೇನಾಗೈತ್ರಿ, ಧೂಳು ಅಷ್ಟೇ," ಎಂದು ನಕ್ಕಳು.

ಕಾರ್ತೀಕ ಕಳೆಯಿತು, ಬುಟ್ಟಿ ಇಳಿಯಿತು. ಅಷ್ಟರಲ್ಲಿ ಅದೂ ಊರಿನ ಬಣ್ಣಕ್ಕೆ ಬಂದಿತ್ತು. ತಲೆನೋವು ಬರುತ್ತಿತ್ತು, ಹೋಗುತ್ತಿತ್ತು. ಬಳೆ ಕಂಡಾಗಲೆಲ್ಲ ಅವ್ವ ನನ್ನನ್ನು ಕರೆದು "ಇವತ್ತೂ ಐತೇನು?" ಎಂದು ಕೇಳುತ್ತಿದ್ದಳು. ನಾನು "ಐತಿ" ಎನ್ನುತ್ತಿದ್ದೆ. ಒಮ್ಮೆ ಹೇಳಿದ ಮೇಲೆ ಮುಗಿಯಿತಲ್ಲ, ಅದನ್ನು ನಡೆಸಿಕೊಂಡು ಹೋಗಬೇಕು. ಕೆಲವು ಸಲ ಅವಳು ಕೇಳುವ ಮೊದಲೇ "ಅವ್ವ, ಇವತ್ತು ಭಾಳ ದೊಡ್ಡದೈತಿ" ಎಂದೂ ಹೇಳಿದ್ದುಂಟು. ಹಾಗೆ ಹೇಳಿದಾಗ ಅವಳು ನನ್ನನ್ನು ಹತ್ತಿರ ಎಳೆದುಕೊಳ್ಳುತ್ತಿದ್ದಳು. ನಮ್ಮಿಬ್ಬರಿಗೆ ಮಾತ್ರ ಕಾಣುವ ಒಂದು ವಸ್ತು ಇದೆ ಎಂಬುದು ನನಗೆ ಹಿತವಾಗಿತ್ತು ಎಂದು ಈಗ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಶಿವರಾತ್ರಿಯ ಹತ್ತಿರ ಒಂದು ಸಂಜೆ ಅವ್ವನಿಗೆ ಬಲಗಣ್ಣು ಸಿಡಿದು ಹೋಗುವಂಥ ನೋವು ಬಂತು. ನಿದ್ದೆ ಮಾಡಿದರೂ ಹೋಗಲಿಲ್ಲ. ಕಣ್ಣು ಕೆಂಡದ ಹಾಗಾಯಿತು, ವಾಂತಿ ಶುರುವಾಯಿತು. ವಾಂತಿ ಆದದ್ದಕ್ಕೆ ಪಿತ್ತ ಎಂದರು, ಕಣ್ಣು ಕೆಂಪಾದದ್ದಕ್ಕೆ ಧೂಳು ಎಂದರು. ಕೆಂಪು ಕಣ್ಣು ನಮ್ಮೂರಲ್ಲಿ ಯಾರಿಗಿರಲಿಲ್ಲ? ಅಜ್ಜಿ ಶುಂಠಿ ಕಷಾಯ ಕೊಟ್ಟಳು, ನಂದಿಬಟ್ಟಲ ಹೂವನ್ನು ನೀರಲ್ಲಿ ನೆನೆಸಿ ಕಣ್ಣಿಗೆ ಹಿಂಡಿದಳು. ಮೂರು ದಿನ ಹೀಗೆ ಹೋದವು. ನಾಲ್ಕನೆಯ ದಿನ ಬೆಳಿಗ್ಗೆ ಅವ್ವ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, "ಏನ್ರಿ, ಬಾಗಲಾ ತಗದೈತೇನು? ನನಗ ಎಲ್ಲಾ ಕಪ್ಪಗೈತಿ," ಎಂದಳು. ಬಾಗಿಲು ತೆರೆದಿತ್ತು, ಬಿಸಿಲು ಅವಳ ಮಡಿಲಿಗೇ ಬಿದ್ದಿತ್ತು. ಅಪ್ಪ ಚಪ್ಪಲಿ ಕೂಡ ಮೆಟ್ಟದೆ ಓಡಿ ಹೋಗಿ ಜೀಪು ತಂದ. ಬಳ್ಳಾರಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು. ಕಣ್ಣಿನೊಳಗೆ ಒತ್ತಡ ಏರಿ ನರ ಸತ್ತುಹೋಗಿದೆ, ಆಪರೇಷನ್ ಮಾಡಿದರೆ ನೋವು ಇಳಿಯುತ್ತದೆ, ದೃಷ್ಟಿ ಬರುವುದಿಲ್ಲ ಎಂದರಂತೆ. ಎಡಗಣ್ಣಿಗೂ ಇದೇ ಆಗುವುದಿತ್ತು, ಅದನ್ನು ಲೇಸರಿನಿಂದ ಉಳಿಸಿದರು. ಅಜ್ಜಿ ಸುದ್ದಿ ಕೇಳಿ ಎದೆ ಬಡಿದುಕೊಂಡು ಅತ್ತಳು. ಅಪ್ಪ ಹಿತ್ತಲಿಗೆ ಹೋಗಿ ಅತ್ತ. ನಾನು ಅಜ್ಜಿಯ ಸೆರಗಿನಲ್ಲಿ ಮುಖ ಇಟ್ಟು ಅತ್ತೆ. ಅವ್ವ ಮಾತ್ರ ಅಳಲಿಲ್ಲವಂತೆ. "ಇನ್ನೊಂದೈತಲ್ರಿ, ಬಿಡ್ರಿ," ಎಂದು ಅಪ್ಪನಿಗೇ ಸಮಾಧಾನ ಹೇಳಿದಳಂತೆ.

ಐದಾರು ದಿನವಾದ ಮೇಲೆ ಅಪ್ಪ ಮನೆಗೆ ಬಂದು ನನ್ನನ್ನು ಕರೆದ. ಕಿವಿ ಹಿಂಡುವ ಅಪ್ಪ ಅವನಲ್ಲ, ಧ್ವನಿಯೇ ಬೇರೆ.

"ನಾಳೆ ನೀನೂ ಬರ್ಬೇಕು ಬಳ್ಳಾರಿಗೆ. ಡಾಕ್ಟರಮ್ಮ ನಿನ್ನ ಕಣ್ಣೂ ನೋಡ್ಬೇಕಂತಾರ."

ನಡೆದದ್ದಿಷ್ಟು. ದೀಪದ ಸುತ್ತ ಮೊದಲು ಬಣ್ಣದ ಬಳೆ ಕಾಣುತ್ತಿತ್ತೇ ಎಂದು ಡಾಕ್ಟರು ಅವ್ವನನ್ನು ಕೇಳಿದ್ದಾರೆ. "ಕಾಣತಿತ್ರಿ, ನನ್ ಮಗಳಿಗೂ ಕಾಣತಿತ್ರಿ," ಎಂದಿದ್ದಾಳೆ ಅವ್ವ. ಇದು ತಾಯಿಯಿಂದ ಮಕ್ಕಳಿಗೆ ಬರುವ ರೋಗ, ಇಷ್ಟು ಸಣ್ಣವರಿಗೆ ಬರುವುದು ಅಪರೂಪ, ಆದರೂ ತಡ ಮಾಡದೆ ಕರೆತನ್ನಿ ಎಂದಿದ್ದಾರೆ. ಆ ಮಾತು ಕಿವಿಗೆ ಬಿದ್ದಾಗಿನಿಂದ ಅವ್ವ ಅನ್ನ ಮುಟ್ಟಿರಲಿಲ್ಲ. ಮರುದಿನ ಬಸ್ಸಿನಲ್ಲಿ ಅಪ್ಪ ನನ್ನನ್ನು ಕಿಟಕಿಯಿಂದ ದೂರ ಕೂರಿಸಿದ. ಆಮೇಲೆ ತನ್ನ ಹೆಗಲ ಟವೆಲ್ಲಿನಿಂದ ಸೀಟು, ಕಿಟಕಿಯ ಕಂಬಿ, ಮುಂದಿನ ಸೀಟಿನ ಬೆನ್ನು, ಎಲ್ಲ ಒರೆಸಿದ. ನನ್ನ ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡೇ ಬಳ್ಳಾರಿಯವರೆಗೆ ಕೂತ. ಹೇಳಿಬಿಡಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ, ಆ ಕೈ ನೋಡಿ ಮುಚ್ಚಿಕೊಂಡೆ.

ಡಾಕ್ಟರ ಕೋಣೆಯಲ್ಲಿ ಅವ್ವ ಮೊದಲೇ ಬಂದು ಸ್ಟೂಲಿನ ಮೇಲೆ ಕೂತಿದ್ದಳು. ಬಲಗಣ್ಣಿಗೆ ಬಿಳಿ ಪಟ್ಟಿ. ಆರು ದಿನದಲ್ಲಿ ಅವಳ ಮುಖ ಅಂಗೈಯಷ್ಟಾಗಿತ್ತು. ನನ್ನನ್ನು ಮುಂದೆ ನಿಲ್ಲಿಸಿಕೊಂಡು, ಗದ್ದ ಎತ್ತಿ ಹಿಡಿದು, ಉಳಿದ ಒಂದು ಕಣ್ಣಿನಿಂದ ನನ್ನ ಎರಡೂ ಕಣ್ಣು ಹುಡುಕಿದಳು.

"ಡಾಕ್ಟ್ರೇ, ನನಗೇನಾರ ಆಗ್ಲಿ. ಈಕಿನ್ನ ನೋಡ್ರಿ. ಈಕಿ ಇನ್ನಾ ಸಣ್ಣಾಕಿ," ಎಂದಳು.

ಡಾಕ್ಟರು ಹನಿಯ ಸೀಸೆ ಕೈಗೆ ತೆಗೆದುಕೊಂಡು ಕೇಳಿದರು. "ಯಾವಾಗಿಂದ ಕಾಣತೈತಮ್ಮ ನಿನಗೆ? ದಿನಾಲೂ ಕಾಣತೈತಾ?"

"ಕಂಡಿಲ್ರಿ," ಎಂದೆ. ನನ್ನ ಧ್ವನಿ ನನಗೇ ಕೇಳಲಿಲ್ಲ. ಇನ್ನೊಮ್ಮೆ ಹೇಳಿದೆ. "ಯಾವತ್ತೂ ಕಂಡಿಲ್ರಿ. ಸುಳ್ಳು ಹೇಳಿದ್ದೆ."

ಅಪ್ಪ ಗೋಡೆಗೆ ಒರಗಿದ.

"ಏನಂದಿ?" ಎಂದಳು ಅವ್ವ.

"ಸುಳ್ಳು ಹೇಳಿದ್ದೆ ಅವ್ವ. ಮಾಳಿಗಿ ಮ್ಯಾಲ ನನಗೇನೂ ಕಂಡಿದ್ದಿಲ್ಲ. ಆಮ್ಯಾಲೂ ಕಂಡಿಲ್ಲ."

"ಹೊರಗ ಕೆಂಪು ಐತಿ ಅಂದಿದ್ಯಲ್ಲ?"

"ಸುಮ್ನ ಅಂದಿದ್ದೆ."

"ನನ್ನಾಣಿ ಮಾಡಿ ಹೇಳು."

"ನಿನ್ನಾಣಿ ಅವ್ವ."

ಅವಳು ನನ್ನ ಗದ್ದ ಬಿಟ್ಟಳು. ಏಟು ಬೀಳುತ್ತದೆಂದು ನಾನು ಕಣ್ಣು ಮುಚ್ಚಿದೆ. ಬೀಳಲಿ ಎಂದೇ ಕಾದೆ. ಅವಳ ಎರಡೂ ತೋಳು ನನ್ನನ್ನು ಎಳೆದುಕೊಂಡವು.

"ಅಯ್ಯ ನನ್ನವ್ವ! ನಿನ್ನ ಕಣ್ಣು ಚೊಲೋ ಅದಾವಾ? ಕೇಳಿದ್ರೇನ್ರಿ, ಈಕಿಗೆ ಏನೂ ಆಗಿಲ್ಲಂತ! ಸುಳ್ಳಂತ್ರಿ! ಡಾಕ್ಟ್ರೇ, ಬರೇ ಸುಳ್ಳಂತ್ರಿ!"

ನಾನು ಪರೀಕ್ಷೆಯಲ್ಲಿ ಪಾಸಾದ ಸುದ್ದಿ ಹೇಳುವವಳ ಹಾಗೆ ಅಪ್ಪನಿಗೆ, ಡಾಕ್ಟರಿಗೆ, ಬಾಗಿಲಲ್ಲಿ ನಿಂತ ನರ್ಸಿಗೆ, ಎಲ್ಲರಿಗೂ ಹೇಳಿದಳು. ಹೇಳುತ್ತ ಹೇಳುತ್ತ ಅಳತೊಡಗಿದಳು. ಡಾಕ್ಟರು "ಅಳಬ್ಯಾಡಮ್ಮ, ಪಟ್ಟಿ ಒದ್ದಿ ಆಗತೈತಿ" ಎನ್ನುತ್ತಲೇ ಇದ್ದರು. ತನ್ನ ಕಣ್ಣು ಹೋದದ್ದಕ್ಕೆ ಒಂದು ಹನಿ ಹಾಕಿರದ ಅವ್ವ, ಆ ಕಣ್ಣನ್ನು ಕಳೆದ ನನ್ನ ಸುಳ್ಳನ್ನು ಕೇಳಿ ಸಂತೋಷಕ್ಕೆ ಅತ್ತಳು.